ಒಂದೇ ಬೀಜ, ಹಲವು ಕಾಯಕ



ಶ್ರಾವಣ ಮಾಸದ ಪ್ರವಚನಕ್ಕೆ ಕುಳಿತಾಗಲೆಲ್ಲ ನಮಗೆ 2004ರ ಶ್ರಾವಣದ ಒಂದು ಸಂಜೆ ನೆನಪಾಗುತ್ತದೆ. ಅಂದು ಸಭೆಯ ಮುಂದೆ ನಾವು ಆಡಿದ ಒಂದು ಮಾತು ತಪ್ಪಾಗಿತ್ತು. ಅದನ್ನು ತೋರಿಸಿಕೊಟ್ಟವನು ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಒಂಬತ್ತನೆಯ ತರಗತಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿ. ಮರುದಿನವೇ ಸಭೆಯಲ್ಲಿ ತಪ್ಪನ್ನು ಒಪ್ಪಿಕೊಂಡೆವು, ನಿಜ. ಆದರೆ ಅದು ಏಕೆ ತಪ್ಪು, ಸರಿಯಾದುದು ಯಾವುದು ಎಂಬುದನ್ನು ವಿವರವಾಗಿ ಹೇಳುವಷ್ಟು ತಿಳಿವಳಿಕೆ ಅಂದು ನಮಗಿರಲಿಲ್ಲ. ಆ ಸಾಲವನ್ನು ಈ ಪತ್ರಿಕೆಯ ಮೂಲಕ ಇಂದು ತೀರಿಸಬೇಕೆಂದಿದ್ದೇವೆ.

ಅಂದಿನ ವಿಷಯ ಸಮಾಜದ ಸಾಮರಸ್ಯ. ದೃಷ್ಟಾಂತಕ್ಕಾಗಿ ನಾವು ದೇಹವನ್ನು ತೆಗೆದುಕೊಂಡೆವು. ಕಣ್ಣು ನೋಡಬೇಕು, ಕಾಲು ನಡೆಯಬೇಕು. ಕಾಲು ಕಣ್ಣಾಗಲು ಹೊರಟರೆ ದೇಹವು ಕೆಡುತ್ತದೆ. ಹಾಗೆಯೇ ಅವರವರು ಅವರವರಿಗೆ ಒದಗಿದ ಸ್ಥಾನದಲ್ಲಿರುವುದೇ ಲೇಸು ಎಂದೆವು. ಸಭೆ ತಲೆದೂಗಿತು. ಕೇಳಲು ಇಂಪಾದ ದೃಷ್ಟಾಂತ, ಬಹುಕಾಲದಿಂದ ಎಲ್ಲೆಡೆ ಬಳಕೆಯಲ್ಲಿರುವಂಥದು. ಮಂಗಳವಾದ ಮೇಲೆ ಪ್ರಸಾದದ ಪಂಕ್ತಿಗೆ ಹೊರಡುವಾಗ ಆ ಹುಡುಗ ಕಂಬದ ಮರೆಯಲ್ಲಿ ನಿಂತಿದ್ದ. ಅವನ ತಂದೆ ಸಂತೆಯ ಬೀದಿಯಲ್ಲಿ ಕುಳಿತು ಪಾದರಕ್ಷೆ ಹೊಲಿಯುವ ಕಾಯಕದವರು. ಹುಡುಗ ನಮಸ್ಕರಿಸಿ ಕೇಳಿದ: “ಅಜ್ಜಾರ, ಕಣ್ಣಿನ ಜೀವಕೋಶ, ಕಾಲಿನ ಜೀವಕೋಶ ಮೊದಲಿಂದನೂ ಬ್ಯಾರೆ ಬ್ಯಾರೆ ಇದ್ದವೇನ್ರಿ? ನಮ್ಮ ಮಾಸ್ತರು ಎಲ್ಲಾ ಒಂದ ಜೀವಕೋಶದಿಂದ ಬಂದಾವ ಅಂದಾರ್ರಿ.”

ಪ್ರಶ್ನೆಯ ಧ್ವನಿಯಲ್ಲಿ ಕುಚೋದ್ಯವಿರಲಿಲ್ಲ. ತನ್ನ ತಂದೆ ಯಾವ ಅಂಗವೆಂದು ಸ್ವಾಮಿಗಳು ಎಣಿಸಿದ್ದಾರೆ ಎಂಬ ಅಳುಕು ಮಾತ್ರ ಇತ್ತು. ನಾವು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶ, ಸಿದ್ಧಾಂತಶಿಖಾಮಣಿಗಳನ್ನು ಕಂಠಪಾಠ ಮಾಡಿ, ಅನಂತರ ಗುರುಗಳ ಅಪ್ಪಣೆಯಂತೆ ಧಾರವಾಡದಲ್ಲಿ ಸಸ್ಯಶಾಸ್ತ್ರವನ್ನು ಓದಿ ಪದವಿ ಪಡೆದವರು. ಈರುಳ್ಳಿಯ ಬೇರಿನ ತುದಿಯನ್ನು ಬಣ್ಣದಲ್ಲದ್ದಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದು ಜೀವಕೋಶ ಎರಡಾಗುವುದನ್ನು ಕಣ್ಣಾರೆ ಕಂಡವರು. ಆದರೂ ಹುಡುಗನ ಮುಂದೆ ತಟ್ಟನೆ ಉತ್ತರ ಹೊರಡಲಿಲ್ಲ. ಓದಿದ್ದು ಒಂದು ಕಡೆ, ಆಡಿದ್ದು ಇನ್ನೊಂದು ಕಡೆ ಎಂಬ ನಾಚಿಕೆ ಆ ರಾತ್ರಿ ನಮ್ಮನ್ನು ನಿದ್ರಿಸಗೊಡಲಿಲ್ಲ. ಅಂದಿನಿಂದ ಈ ವಿಷಯದ ಗ್ರಂಥಗಳನ್ನು ಬಿಡುವಾದಾಗಲೆಲ್ಲ ಓದುತ್ತ ಬಂದಿದ್ದೇವೆ. ಅದರ ಸಾರವನ್ನು ನಿಮ್ಮ ಮುಂದಿಡುತ್ತೇವೆ, ತಾಳ್ಮೆಯಿಂದ ಓದಬೇಕು.

ಮಾಸ್ತರರು ಹೇಳಿದ್ದು ಅಕ್ಷರಶಃ ಸತ್ಯ. ತಾಯಿಯ ಅಂಡವೂ ತಂದೆಯ ವೀರ್ಯಾಣುವೂ ಕೂಡಿದಾಗ ಉಂಟಾಗುವುದು ಒಂದೇ ಒಂದು ಜೀವಕೋಶ. ಅದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಒಡೆಯುತ್ತ ಹೋಗುತ್ತದೆ. ಬೆಳೆದ ಮಾನವ ದೇಹದಲ್ಲಿ 30 ಲಕ್ಷ ಕೋಟಿಗೂ ಮಿಕ್ಕಿ ಜೀವಕೋಶಗಳಿವೆ, ಅವುಗಳಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಸೊಂಟದಿಂದ ಕಾಲ್ಬೆರಳಿನವರೆಗೆ ಎಳೆ ಚಾಚಿದ ನರಕೋಶವುಂಟು. ಕುಗ್ಗಿ ಹಿಗ್ಗುವ ಸ್ನಾಯುಕೋಶವುಂಟು. ಬೆಳಕನ್ನು ಹಿಡಿಯುವ ಅಕ್ಷಿಪಟಲದ ಕೋಶವುಂಟು. ಇನ್ಸುಲಿನ್ ತಯಾರಿಸುವ ಮೇದೋಜೀರಕದ ಕೋಶವುಂಟು. ಇವುಗಳ ಆಕಾರ ಬೇರೆ, ಕಾಯಕ ಬೇರೆ. ಆದರೆ ಮೂಲ ಒಂದೇ. ಯಾವ ವಿಶೇಷವೂ ಇಲ್ಲದ ಕೋಶವೊಂದು ಹೀಗೆ ತನ್ನದೇ ಆದ ರೂಪ ಮತ್ತು ಕಾರ್ಯವನ್ನು ಪಡೆಯುವ ಕ್ರಮಕ್ಕೆ ವಿಜ್ಞಾನಿಗಳು ವಿಭೇದನ ಎಂದು ಹೆಸರಿಟ್ಟಿದ್ದಾರೆ.

ಈ ಭೇದ ಎಲ್ಲಿಂದ ಬಂತು? ಇದೇ ಹುಡುಗನ ಪ್ರಶ್ನೆ. ಯುರೋಪಿನ ವಿದ್ವಾಂಸರನ್ನು ನೂರು ವರ್ಷಕ್ಕೂ ಹಿಂದೆ ಕಾಡಿದ ಪ್ರಶ್ನೆಯೂ ಇದೇ. ಜರ್ಮನಿಯ ಆಗಸ್ಟ್ ವೈಸ್ಮನ್ ಎಂಬ ಮಹಾ ವಿದ್ವಾಂಸನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಊಹೆ ಮಾಡಿದನು. ಮೊದಲ ಕೋಶದಲ್ಲಿರುವ ಆನುವಂಶಿಕ ಆಸ್ತಿಯು ಕೋಶ ಒಡೆದಂತೆಲ್ಲ ಪಾಲಾಗುತ್ತ ಹೋಗುತ್ತದೆ. ಕಣ್ಣಿನ ಕೋಶಕ್ಕೆ ಕಣ್ಣಿನ ಪಾಲು, ಕಾಲಿನ ಕೋಶಕ್ಕೆ ಕಾಲಿನ ಪಾಲು. ಮುಂದಿನ ಸಂತಾನಕ್ಕೆ ಮೀಸಲಾದ ಕೋಶಗಳಿಗೆ ಮಾತ್ರ ಪೂರ್ಣ ಆಸ್ತಿ ಎಂದನು. ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಂಡಂತೆ. ಈ ಊಹೆಯಂತೆ, ಕಾಲಿನ ಕೋಶ ಕಣ್ಣಾಗಲಾರದು, ಏಕೆಂದರೆ ಕಣ್ಣಾಗುವ ಸಾಮರ್ಥ್ಯವನ್ನೇ ಅದಕ್ಕೆ ಕೊಟ್ಟಿಲ್ಲ. ನಾವು ಶ್ರಾವಣದ ಸಂಜೆ ಹೇಳಿದ್ದೂ ಅರಿಯದೆಯೇ ಇದೇ ಮಾತಾಗಿತ್ತು.

1888ರಲ್ಲಿ ವಿಲ್ಹೆಲ್ಮ್ ರೂ ಎಂಬಾತನು ಈ ಊಹೆಗೆ ಬಲ ಕೊಡುವಂಥ ಪ್ರಯೋಗವೊಂದನ್ನು ಪ್ರಕಟಿಸಿದನು. ಕಪ್ಪೆಯ ಭ್ರೂಣ ಎರಡು ಕೋಶಗಳಾಗಿದ್ದಾಗ ಕಾದ ಸೂಜಿಯಿಂದ ಒಂದು ಕೋಶವನ್ನು ಕೊಂದನು. ಉಳಿದ ಕೋಶದಿಂದ ಅರ್ಧ ಭ್ರೂಣ ಮಾತ್ರ ಬೆಳೆಯಿತು. ಪಾಲಿನ ವಾದ ಗೆದ್ದಂತೆ ತೋರಿತು. ಆದರೆ 1891ರಲ್ಲಿ ಹಾನ್ಸ್ ಡ್ರೀಶ್ ಎಂಬಾತನು ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಎರಡು ಕೋಶಗಳ ಭ್ರೂಣವನ್ನು ನೀರಿನಲ್ಲಿ ಜೋರಾಗಿ ಕುಲುಕಿ ಎರಡನ್ನೂ ಬೇರೆ ಮಾಡಿದನು. ಅರ್ಧ ಅರ್ಧ ಮರಿಗಳು ಬರಬೇಕಾಗಿತ್ತು; ಬಂದದ್ದು ಗಾತ್ರದಲ್ಲಿ ಚಿಕ್ಕವಾದ, ಆದರೆ ಪೂರ್ಣವಾದ ಎರಡು ಮರಿಗಳು! ಹಾಗಾದರೆ ಕಪ್ಪೆಯಲ್ಲಿ ಅರ್ಧ ಭ್ರೂಣ ಬಂದುದೇಕೆ? ಕೊಂದ ಕೋಶ ಅಲ್ಲಿಯೇ ಅಂಟಿಕೊಂಡಿತ್ತು. ಪಕ್ಕದಲ್ಲಿ ಜೊತೆಗಾರನಿದ್ದಾನೆ, ತಾನು ಅರ್ಧ ಮಾತ್ರ ಎಂಬಂತೆ ಬದುಕಿದ ಕೋಶ ನಡೆದುಕೊಂಡಿತು. ಮುಂದೆ 1910ರಲ್ಲಿ ಕಪ್ಪೆಯ ಒಂದು ಕೋಶವನ್ನು ಪೂರ್ತಿಯಾಗಿ ತೆಗೆದುಬಿಟ್ಟಾಗ ಉಳಿದುದರಿಂದ ಪೂರ್ಣ ಭ್ರೂಣವೇ ಬೆಳೆಯಿತು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಕೋಶದಲ್ಲಿ ಪೂರ್ಣವಾಗುವ ಶಕ್ತಿ ಮೊದಲಿನಿಂದಲೂ ಇತ್ತು. ಅದನ್ನು ಅರ್ಧಕ್ಕೆ ನಿಲ್ಲಿಸಿದ್ದು ಅದರ ಬೀಜವಲ್ಲ, ಅದರ ನೆರೆ.

ನೆರೆಯ ಮಹಿಮೆಯನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದವರು ಜರ್ಮನಿಯ ಹಾನ್ಸ್ ಸ್ಪೆಮನ್ ಮತ್ತು ಅವರ ಶಿಷ್ಯೆ ಹಿಲ್ಡೆ ಮ್ಯಾಂಗೋಲ್ಡ್. ನ್ಯೂಟ್ ಎಂಬುದು ಹಲ್ಲಿಯ ಆಕಾರದ, ಕಪ್ಪೆಯ ಬಳಗದ ಪ್ರಾಣಿ. ಅದರ ಎಳೆಯ ಭ್ರೂಣದಲ್ಲಿ ಬೆನ್ನಾಗುವ ಕಡೆಯ ಒಂದು ಸಣ್ಣ ತುಣುಕನ್ನು ತೆಗೆದು, ಇನ್ನೊಂದು ಭ್ರೂಣದ ಹೊಟ್ಟೆಯ ಕಡೆಗೆ ಅವರು ನೆಟ್ಟರು. ಹೊಟ್ಟೆಯ ಚರ್ಮವಾಗಿ ಬೆಳೆಯಬೇಕಾಗಿದ್ದ ಆ ಸ್ಥಳದಲ್ಲಿ ಎರಡನೆಯದೊಂದು ಬೆನ್ನು, ಎರಡನೆಯದೊಂದು ಮಿದುಳುಬಳ್ಳಿ ಮೂಡಿತು. ಎರಡು ಬಣ್ಣದ ನ್ಯೂಟ್‌ಗಳನ್ನು ಬಳಸಿದ್ದರಿಂದ ಯಾವ ಕೋಶ ಯಾರದೆಂದು ಗುರುತಿಸುವುದು ಸಾಧ್ಯವಾಯಿತು. ಹೊಸ ದೇಹದ ಬಹುಪಾಲು, ನೆಟ್ಟ ತುಣುಕಿನಿಂದ ಆದುದಲ್ಲ. ಸುತ್ತಲಿನ ಆತಿಥೇಯ ಕೋಶಗಳೇ ಆ ತುಣುಕಿನ ಸನ್ನಿಧಿಯಲ್ಲಿ ದಾರಿ ಬದಲಿಸಿ ನರವೂ ಸ್ನಾಯುವೂ ಆಗಿದ್ದವು. ಈ ಪ್ರಯೋಗ ಪ್ರಕಟವಾದುದು 1924ರಲ್ಲಿ. ಅದೇ ವರ್ಷ ಆ ಶಿಷ್ಯೆ ಎಳೆಯ ವಯಸ್ಸಿನಲ್ಲಿಯೇ ಬೆಂಕಿಯ ಅವಘಡದಲ್ಲಿ ತೀರಿಕೊಂಡರು. ಗುರುವಿಗೆ 1935ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಶಿಷ್ಯೆಯ ಕೈಯ ಕೆಲಸ ಗುರುವಿಗೆ ಕೀರ್ತಿ ತಂದ ಈ ಪ್ರಸಂಗವನ್ನು ಓದಿದಾಗ ನಮ್ಮ ಮನಸ್ಸು ಭಾರವಾಯಿತು.

ತಾಯಿಯ ಗರ್ಭದಲ್ಲಿಯೂ ಸ್ಥಾನಮಹಿಮೆ ಮೊದಲ ವಾರದಲ್ಲಿಯೇ ಕೆಲಸ ಮಾಡುತ್ತದೆ. ಕೋಶಗಳು ಒಂದು ಉಂಡೆಯಂತೆ ಕೂಡಿದಾಗ ಹೊರಬದಿಗೆ ಬಿದ್ದವು, ತಾಯಿಯಿಂದ ಮಗುವಿಗೆ ಆಹಾರ ಸಾಗಿಸುವ ಮಾಸು ಆಗಲು ಹೊರಡುತ್ತವೆ. ಒಳಗೆ ಉಳಿದವುಗಳಿಂದ ಮಗು ಆಗುತ್ತದೆ. ಮೂರನೆಯ ವಾರದಲ್ಲಿ ಆ ಒಳಗಿನ ಕೋಶಗಳು ಮೂರು ಪದರಗಳಾಗುತ್ತವೆ. ಹೊರಪದರದಿಂದ ಚರ್ಮದ ಮೇಲ್ಪೊರೆ ಮತ್ತು ನರಮಂಡಲ. ನಡುಪದರದಿಂದ ಎಲುಬು, ಸ್ನಾಯು, ರಕ್ತ, ಹೃದಯ. ಒಳಪದರದಿಂದ ಕರುಳಿನ ಒಳಗೋಡೆ, ಯಕೃತ್ತು, ಶ್ವಾಸಕೋಶದ ಒಳಪೊರೆ. ಒಂದು ಚೋದ್ಯವನ್ನು ಗಮನಿಸಿ: ನಾವು ಶ್ರೇಷ್ಠವೆಂದು ಹೊಗಳುವ ಮಿದುಳೂ ನೆಲಕ್ಕೆ ತಾಗುವ ಅಂಗಾಲಿನ ಚರ್ಮದ ಮೇಲ್ಪೊರೆಯೂ ಒಂದೇ ಪದರದ ಮಕ್ಕಳು.

ಸಸ್ಯಲೋಕಕ್ಕೆ ಬಂದರೆ ಈ ಸತ್ಯ ನಮ್ಮ ಹಿತ್ತಲಿನಲ್ಲಿಯೇ ಕಾಣುತ್ತದೆ. ದಾಸವಾಳದ ಒಂದು ಕೊಂಬೆಯನ್ನು ಕತ್ತರಿಸಿ ಮಣ್ಣಿಗೆ ಊರಿದರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಅಲ್ಲಿ ಬೇರಿನ ಕೋಶ ಇರಲಿಲ್ಲ. ಕಾಂಡದ ಕೋಶಗಳೇ ಬೇರಾಗುವ ಹಾದಿ ಹಿಡಿದವು. ಗಿಡದ ಬೇರಿನ ತುದಿಯಲ್ಲಿಯೂ ಚಿಗುರಿನ ತುದಿಯಲ್ಲಿಯೂ ಯಾವ ವಿಶೇಷವನ್ನೂ ಹೊಂದದ ಎಳೆಯ ಕೋಶಗಳ ಗುಂಪು ಆಜೀವ ಪರ್ಯಂತ ಉಳಿದಿರುತ್ತದೆ. ಅವು ಒಡೆಯುತ್ತ ಹೋದಂತೆ ಹಿಂದೆ ಉಳಿದವು ಕ್ರಮೇಣ ಹೊರಸಿಪ್ಪೆಯೋ, ನೀರ್ಗೊಳವೆಯೋ, ಆಹಾರ ಸಾಗಿಸುವ ನಾಳವೋ ಆಗುತ್ತವೆ. ಯಾವುದು ಏನಾಗಬೇಕೆಂಬುದನ್ನು ನಿರ್ಧರಿಸುವುದು ಯಾರು? ಹಾಲೆಂಡಿನ ಯುಟ್ರೆಕ್ಟ್ ನಗರದ ವಿಜ್ಞಾನಿಗಳು ಸಾಸಿವೆಯ ಬಳಗದ ಒಂದು ಪುಟ್ಟ ಕಳೆಗಿಡದ ಬೇರಿನಲ್ಲಿ, ಲೇಸರ್ ಕಿರಣದಿಂದ ಒಂದೊಂದೇ ಕೋಶವನ್ನು ಸುಟ್ಟು ನೋಡಿದರು. ಖಾಲಿಯಾದ ಜಾಗಕ್ಕೆ ಪಕ್ಕದ ಬೇರೆ ಕುಲದ ಕೋಶ ಸರಿದುಬಂದು, ತನ್ನ ಹಿಂದಿನ ದಾರಿಯನ್ನು ಬಿಟ್ಟು, ಆ ಜಾಗದ ಕಾಯಕವನ್ನೇ ಕೈಗೊಂಡಿತು. 1995ರಲ್ಲಿ ಪ್ರಕಟವಾದ ಈ ಪ್ರಯೋಗ ಹೇಳುವುದಿಷ್ಟೆ: ಸಸ್ಯಕೋಶವನ್ನು ಯಾರ ಮಗ ಎಂದು ಕೇಳಬೇಕಾಗಿಲ್ಲ, ಎಲ್ಲಿ ನಿಂತಿದೆ ಎಂದು ಕೇಳಿದರೆ ಸಾಕು.

ತಾನು ಎಲ್ಲಿ ನಿಂತಿದ್ದೇನೆ ಎಂಬುದು ಕೋಶಕ್ಕೆ ತಿಳಿಯುವುದು ರಾಸಾಯನಿಕ ಸಂದೇಶಗಳಿಂದ. ಅಮೆರಿಕದ ಸ್ಕೂಗ್ ಮತ್ತು ಮಿಲ್ಲರ್ ಎಂಬವರು 1957ರಲ್ಲಿ ತಂಬಾಕು ಗಿಡದ ಕಾಂಡದ ತಿರುಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಇದನ್ನು ಸರಳವಾಗಿ ತೋರಿಸಿದರು. ಆಕ್ಸಿನ್ ಎಂಬ ರಸ ಹೆಚ್ಚಾದರೆ ಆ ತಿರುಳಿನಿಂದ ಬೇರು ಬಂತು. ಸೈಟೊಕೈನಿನ್ ಎಂಬ ರಸ ಹೆಚ್ಚಾದರೆ ಚಿಗುರು ಬಂತು. ಎರಡೂ ಸಮತೂಕದಲ್ಲಿದ್ದರೆ ಬೇರೂ ಇಲ್ಲ, ಚಿಗುರೂ ಇಲ್ಲ, ಆಕಾರವಿಲ್ಲದ ಮುದ್ದೆ ಬೆಳೆಯಿತು. ಇಂದು ನಮ್ಮ ರೈತರು ನೆಡುವ ಟಿಶ್ಯೂ ಕಲ್ಚರ್ ಬಾಳೆಯ ಸಸಿಗಳ ಹಿಂದೆ ಇರುವುದೂ ಇದೇ ಜ್ಞಾನ. ಚಿಗುರಿನ ತುದಿಯ ಒಂದು ತುಣುಕಿನಿಂದ ಪ್ರಯೋಗಾಲಯದಲ್ಲಿ ನೂರಾರು ಸಸಿಗಳನ್ನು ಎಬ್ಬಿಸುತ್ತಾರೆ.

ಪೂರ್ತಿ ಬೆಳೆದು ತನ್ನ ಕೆಲಸದಲ್ಲಿ ನೆಲೆನಿಂತ ಕೋಶವೊಂದು ಮತ್ತೆ ಇಡೀ ಗಿಡವಾಗಬಲ್ಲದೇ? ಆಗಬಲ್ಲದೆಂದು 1902ರಲ್ಲಿಯೇ ಆಸ್ಟ್ರಿಯದ ಹ್ಯಾಬರ್ಲಾಂಟ್ ಎಂಬ ಸಸ್ಯಶಾಸ್ತ್ರಜ್ಞರು ನುಡಿದಿದ್ದರು. ಮಾಡಿ ತೋರಿಸಲು ಅವರಿಗಾಗಲಿಲ್ಲ. 1958ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀವರ್ಡ್ ಅವರು ಅದನ್ನು ಸಾಧಿಸಿದರು. ಅವರು ಆರಿಸಿದ್ದು ಗಜ್ಜರಿ. ಅದರ ಗಡ್ಡೆಯ ಕೋಶಗಳನ್ನು ಪೋಷಕ ದ್ರವದಲ್ಲಿ ತೇಲಿಬಿಟ್ಟರು. ಆ ದ್ರವದ ಮುಖ್ಯ ಅಂಶ ತೆಂಗಿನಕಾಯಿಯ ನೀರು! ನಾವು ದೇವರ ಮುಂದೆ ಒಡೆಯುವ ಕಾಯಿಯ ಆ ನೀರು ತೆಂಗಿನ ಎಳೆಯ ಭ್ರೂಣವನ್ನು ಸಾಕಲೆಂದೇ ಪ್ರಕೃತಿ ಇಟ್ಟದ್ದು. ಅದರಲ್ಲಿ ಮಿಂದ ಗಡ್ಡೆಯ ಕೋಶಗಳು ಭ್ರೂಣದಂಥ ರೂಪ ತಾಳಿ, ಬೇರು ಚಿಗುರುಗಳನ್ನು ಪಡೆದು, ಪೂರ್ಣ ಗಜ್ಜರಿ ಗಿಡಗಳಾದವು.

ಇನ್ನೊಂದು ಸಾಧನೆ ನಮ್ಮ ದೇಶದ್ದೇ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಎಸ್. ಸಿ. ಮಹೇಶ್ವರಿ ಅವರು ದತ್ತೂರಿ ಹೂವಿನ ಪರಾಗಕೋಶವನ್ನು ಗಾಜಿನ ನಳಿಕೆಯಲ್ಲಿ ಬೆಳೆಸುತ್ತಿದ್ದರು. ಪರಾಗದ ಕಣವು ಗಂಡುಬೀಜವನ್ನು ಒಯ್ಯುವ ಒಂದೇ ಕಾಯಕಕ್ಕೆ ಮೀಸಲಾದುದು. ಅದರಲ್ಲಿರುವ ಆನುವಂಶಿಕ ಆಸ್ತಿಯೂ ಅರ್ಧ ಮಾತ್ರ. ಅಂಥ ಪರಾಗವೇ ಭ್ರೂಣವಾಗಿ ಮೊಳೆತು ಸಸಿಯಾಯಿತು. ಇಂದು ಜಗತ್ತಿನ ಹಲವೆಡೆ ಭತ್ತ, ಗೋಧಿಗಳ ಹೊಸ ತಳಿಗಳನ್ನು ಬೇಗ ಸಿದ್ಧಪಡಿಸಲು ಈ ವಿಧಾನವನ್ನು ಬಳಸುತ್ತಾರೆ. ಶಿವನಿಗೆ ಪ್ರಿಯವೆಂದು ನಾವು ಏರಿಸುವ, ಆದರೆ ಮನೆಯಂಗಳದಲ್ಲಿ ಬೆಳೆಸಲು ಹಿಂಜರಿಯುವ ಆ ಬೇಲಿಯ ಹೂವಿನೊಳಗೆ ಇಂಥ ಸತ್ಯವೊಂದು ಅಡಗಿತ್ತು.

ಗಿಡಗಳ ಮಾತು ಸರಿ, ಪ್ರಾಣಿಗಳಲ್ಲಿ ಹೇಗೆ ಎಂದು ನೀವು ಕೇಳಬಹುದು. ಮನುಷ್ಯನ ಕೈ ಕತ್ತರಿಸಿ ನೆಟ್ಟರೆ ಮನುಷ್ಯ ಬೆಳೆಯುವುದಿಲ್ಲವಷ್ಟೆ. ಪ್ರಾಣಿಗಳ ಕೋಶ ಒಮ್ಮೆ ದಾರಿ ಹಿಡಿದರೆ ತಾನಾಗಿ ಹಿಂದಿರುಗುವುದು ಬಹಳ ಅಪರೂಪ. ಆದುದರಿಂದ, ಅವುಗಳಲ್ಲಾದರೂ ಬೇಡವಾದ ಆಸ್ತಿ ಕಳೆದುಹೋಗಿರಬೇಕೆಂಬ ಸಂಶಯ ಬಹುಕಾಲ ಉಳಿದಿತ್ತು. ಅದನ್ನು ತೊಡೆದವರು ಇಂಗ್ಲೆಂಡಿನ ಜಾನ್ ಗರ್ಡನ್. ಆಫ್ರಿಕದ ಒಂದು ಜಾತಿಯ ಕಪ್ಪೆಯ ಮೊಟ್ಟೆಯಲ್ಲಿದ್ದ ಕೋಶಕೇಂದ್ರವನ್ನು ಅವರು ಅತಿನೇರಳೆ ಕಿರಣದಿಂದ ನಾಶಪಡಿಸಿದರು. ಆ ಜಾಗದಲ್ಲಿ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ಇರಿಸಿದರು. ಆಹಾರವನ್ನು ಹೀರುವುದನ್ನಲ್ಲದೆ ಬೇರೆ ಕೆಲಸವನ್ನರಿಯದ ಕರುಳಿನ ಕೋಶದ ಕೇಂದ್ರವು ಮೊಟ್ಟೆಯ ನೆರೆಯಲ್ಲಿ ಮತ್ತೆ ಮೊದಲಿನಂತಾಗಿ, ಕಣ್ಣು ಕಾಲು ಹೃದಯಗಳುಳ್ಳ ಪೂರ್ಣ ಗೊದಮೊಟ್ಟೆಯನ್ನು ಕೊಟ್ಟಿತು. ನೂರು ಯತ್ನಗಳಲ್ಲಿ ಒಂದೋ ಎರಡೋ ಮಾತ್ರ ಫಲಿಸಿದವು. ಆದರೆ ಒಂದು ಫಲಿಸಿದರೂ ಸಾಕಲ್ಲವೇ? ಆಸ್ತಿ ಕಳೆದುಹೋಗಿದ್ದರೆ ಒಂದೂ ಫಲಿಸುತ್ತಿರಲಿಲ್ಲ. 1962ರಲ್ಲಿ ಈ ಪ್ರಯೋಗವನ್ನು ಪ್ರಕಟಿಸಿದರು. 1966ರ ವೇಳೆಗೆ ಅಂಥ ಕಪ್ಪೆಗಳು ಬೆಳೆದು ಸಂತಾನವನ್ನೂ ಪಡೆದವು.

ಗರ್ಡನ್ನರ ಬಾಲ್ಯದ ಒಂದು ಸಂಗತಿ ಪ್ರಸಿದ್ಧವಾಗಿದೆ. ಶಾಲೆಯಲ್ಲಿ ಜೀವಶಾಸ್ತ್ರದಲ್ಲಿ ಅವರು 250 ಹುಡುಗರಲ್ಲಿ ಕೊನೆಯವರಾಗಿದ್ದರು. ಈ ಹುಡುಗ ವಿಜ್ಞಾನಿಯಾಗಬೇಕೆಂದಿರುವುದು ನಗೆಗೀಡಾದ ಸಂಗತಿ ಎಂಬರ್ಥದಲ್ಲಿ ಉಪಾಧ್ಯಾಯರು ವರದಿ ಬರೆದಿದ್ದರು. ಆ ವರದಿಗೆ ಕಟ್ಟು ಹಾಕಿಸಿ ಅವರು ತಮ್ಮ ಕೋಣೆಯಲ್ಲಿ ಇರಿಸಿಕೊಂಡಿದ್ದರು. ಯಾವ ಕೋಶವೂ ತನ್ನ ಸಾಮರ್ಥ್ಯವನ್ನು ಕಳೆದುಕೊಂಡಿಲ್ಲ ಎಂದು ಜಗತ್ತಿಗೆ ತೋರಿಸಿದವರು, ಸಾಮರ್ಥ್ಯವಿಲ್ಲವೆಂದು ಶಾಲೆ ತೀರ್ಮಾನಿಸಿದ್ದ ಹುಡುಗ!

ಮುಂದಿನ ಕಥೆ ಹಲವರಿಗೆ ಗೊತ್ತಿದೆ. 1996ರ ಜುಲೈ 5ರಂದು ಸ್ಕಾಟ್ಲೆಂಡಿನಲ್ಲಿ ಡಾಲಿ ಎಂಬ ಕುರಿಮರಿ ಹುಟ್ಟಿತು. ಆರು ವರ್ಷದ ಕುರಿಯ ಕೆಚ್ಚಲಿನ ಕೋಶದಿಂದ ಅದನ್ನು ಪಡೆದಿದ್ದರು. ಹಾಗೆ ಸಿದ್ಧಪಡಿಸಿದ 277 ಅಂಡಗಳಲ್ಲಿ ಕುರಿಯಾದುದು ಅದೊಂದೇ. ನಮ್ಮ ಹುಡುಗ ಪ್ರಶ್ನೆ ಕೇಳಿದ ಎರಡೇ ವರ್ಷಗಳಲ್ಲಿ, 2006ರಲ್ಲಿ, ಜಪಾನಿನ ಕ್ಯೋಟೊ ನಗರದ ಶಿನ್ಯ ಯಮನಾಕ ಮತ್ತು ಅವರ ಸಂಗಡಿಗರು ಮೊಟ್ಟೆಯ ನೆರವೂ ಇಲ್ಲದೆ ಈ ಕೆಲಸವನ್ನು ಮಾಡಿದರು. 24 ಜೀನುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ನಾಲ್ಕನ್ನು ಆರಿಸಿ, ಇಲಿಯ ಬೆಳೆದ ಕೋಶಗಳೊಳಗೆ ಸೇರಿಸಿದಾಗ ಅವು ಭ್ರೂಣದ ಆರಂಭದ ಕೋಶಗಳಂತೆ ಎಳೆಯದಾದವು. ಮರುವರ್ಷ ಮನುಷ್ಯನ ಚರ್ಮದ ಕೋಶದಲ್ಲಿಯೂ ಇದು ಸಾಧ್ಯವಾಯಿತು. 2012ರಲ್ಲಿ ಗರ್ಡನ್ ಮತ್ತು ಯಮನಾಕ ಇಬ್ಬರಿಗೂ ಒಟ್ಟಿಗೆ ನೊಬೆಲ್ ಪಾರಿತೋಷಕ ಬಂದಿತು.

ಹಾಗಾದರೆ ಕಣ್ಣಿಗೂ ಕಾಲಿಗೂ ಭೇದ ಯಾವುದರಲ್ಲಿ? ಈಗ ಉತ್ತರ ಹೇಳಬಹುದು. ಪ್ರತಿಯೊಂದು ಕೋಶದ ಕೇಂದ್ರದಲ್ಲಿಯೂ ಬಿಡಿಸಿದರೆ ಸುಮಾರು ಎರಡು ಮೀಟರು ಉದ್ದವಾಗುವ ಡಿ.ಎನ್.ಎ. ಎಂಬ ಎಳೆಯುಂಟು. ಪ್ರೋಟೀನುಗಳನ್ನು ತಯಾರಿಸುವ ಸುಮಾರು 20,000 ಜೀನುಗಳು ಅದರಲ್ಲಿ ಓಲೆಗರಿಯ ಸಾಲುಗಳಂತೆ ಅಡಕವಾಗಿವೆ. ಗ್ರಂಥ ಎಲ್ಲರಿಗೂ ಒಂದೇ; ತೆರೆದು ಓದುವ ಗರಿಗಳು ಮಾತ್ರ ಬೇರೆ ಬೇರೆ. ಕೆಂಪು ರಕ್ತಕಣವಾಗುವ ಕೋಶ ಹಿಮೋಗ್ಲೋಬಿನ್ನಿನ ಗರಿಯನ್ನು ತೆರೆಯುತ್ತದೆ. ಮೇದೋಜೀರಕದ ಕೋಶ ಇನ್ಸುಲಿನ್ನಿನ ಗರಿಯನ್ನು ತೆರೆಯುತ್ತದೆ. ನೆರೆಯಿಂದ ಬಂದ ಸಂದೇಶ ಕೋಶದೊಳಗಿನ ಕೆಲವು ವಿಶೇಷ ಪ್ರೋಟೀನುಗಳನ್ನು ಎಚ್ಚರಿಸುತ್ತದೆ. ಅವು ಕೆಲವು ಗರಿಗಳನ್ನು ಬಿಚ್ಚುತ್ತವೆ, ಕೆಲವನ್ನು ಕಟ್ಟಿಡುತ್ತವೆ. ಕಟ್ಟಿದ ಗುರುತುಗಳನ್ನು ಕೋಶ ಒಡೆದಾಗ ಮಕ್ಕಳಿಗೂ ದಾಟಿಸುತ್ತದೆ. ಆದುದರಿಂದಲೇ ಯಕೃತ್ತಿನ ಕೋಶಕ್ಕೆ ಯಕೃತ್ತಿನ ಕೋಶವೇ ಹುಟ್ಟುತ್ತದೆ. ಅಪವಾದಗಳೂ ಉಂಟು. ರೋಗನಿರೋಧಕ ಕಣಗಳು ತಮ್ಮ ಗ್ರಂಥದ ಒಂದು ಭಾಗವನ್ನು ಕತ್ತರಿಸಿ ಜೋಡಿಸಿಕೊಳ್ಳುತ್ತವೆ. ಕೆಂಪು ರಕ್ತಕಣವಂತೂ ಪಕ್ವವಾಗುವಾಗ ತನ್ನ ಕೇಂದ್ರವನ್ನೇ ಹೊರಹಾಕಿ, ಮೈತುಂಬ ಹಿಮೋಗ್ಲೋಬಿನ್ ಹೊತ್ತು, ಸುಮಾರು 120 ದಿನ ಪ್ರಾಣವಾಯುವನ್ನು ಸಾಗಿಸಿ ಅಳಿದುಹೋಗುತ್ತದೆ. ಗಿಡದ ನೀರ್ಗೊಳವೆಯ ಕೋಶ ಇನ್ನೂ ಒಂದು ಹೆಜ್ಜೆ ಮುಂದೆ: ತನ್ನ ಗೋಡೆಯನ್ನು ಗಟ್ಟಿಮಾಡಿ, ಒಳಗಿನದೆಲ್ಲವನ್ನೂ ಬರಿದುಮಾಡಿ ತಾನು ಸತ್ತ ಮೇಲೆಯೇ ಅದು ನೀರಿಗೆ ದಾರಿಯಾಗುವುದು. ಮರದ ತುದಿಯ ಎಲೆ ನೀರುಣ್ಣುವುದು ಇಂಥ ಗತಿಸಿದ ಕೋಶಗಳ ಮೂಲಕ.

ಕಾಯಕದಲ್ಲಿ ನೆಲೆಗೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ ಬಿಳಿಯ ರಕ್ತಕಣಗಳು ಪಕ್ವವಾಗದೆ ಅರ್ಧದಾರಿಯಲ್ಲಿ ನಿಂತು, ಒಡೆಯುತ್ತಲೇ ಹೋಗುತ್ತವೆ. ಈ ರೋಗಕ್ಕೆ ಶಾಂಘೈ ನಗರದ ವೈದ್ಯರು ‘ಎ’ ಜೀವಸತ್ವದ ಬಳಗದ ಒಂದು ಔಷಧವನ್ನು ಕೊಟ್ಟು, 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಔಷಧವು ಅಡ್ಡದಾರಿ ಹಿಡಿದ ಕಣಗಳನ್ನು ಕೊಲ್ಲಲು ಹೊರಡದೆ, ನಿಂತಲ್ಲಿಂದ ಮುಂದಕ್ಕೆ ನಡೆಸಿ ಪಕ್ವಗೊಳಿಸಿತು. ಒಂದು ಕಾಲಕ್ಕೆ ಅತಿ ಘೋರವೆನಿಸಿದ್ದ ಆ ರೋಗದಿಂದ ಇಂದು ಬಹುಪಾಲು ರೋಗಿಗಳು ಗುಣಮುಖರಾಗುತ್ತಿದ್ದಾರೆ. ಕೆಟ್ಟವರನ್ನು ತೊಡೆದುಹಾಕುವುದೊಂದೇ ಉಪಾಯವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿಯದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಇದನ್ನೆಲ್ಲ ಹನ್ನೆರಡನೆಯ ಶತಮಾನದ ಶರಣರು ಮೊದಲೇ ಅರಿತಿದ್ದರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ವಿಜ್ಞಾನಕ್ಕೂ ಅಪಚಾರ, ಶರಣರಿಗೂ ಅಪಚಾರ. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಸಮಗಾರ ಹರಳಯ್ಯ ಇವರನ್ನು ಸಮಾನರೆಂದು ತಬ್ಬಿಕೊಳ್ಳಲು ಬಸವಣ್ಣನವರಿಗೆ ಸೂಕ್ಷ್ಮದರ್ಶಕ ಬೇಕಾಗಿರಲಿಲ್ಲ. ಮನುಷ್ಯರು ಸಮಾನರೆಂಬುದು ಪ್ರಯೋಗಾಲಯದ ತೀರ್ಪನ್ನು ಕಾದು ಕುಳಿತ ಸತ್ಯವೂ ಅಲ್ಲ. ಮೇಲಾಗಿ ಸಮಾಜ ದೇಹವಲ್ಲ, ಮನುಷ್ಯ ಜೀವಕೋಶವೂ ಅಲ್ಲ. ಕೋಶಕ್ಕೆ ಆಯ್ಕೆಯಿಲ್ಲ, ಮನುಷ್ಯನಿಗುಂಟು. ಆದರೆ ಯಾರಾದರೂ ದೇಹದ ದೃಷ್ಟಾಂತವನ್ನು ತಂದು, ಹುಟ್ಟಿನಿಂದಲೇ ಒಬ್ಬ ತಲೆ, ಒಬ್ಬ ಕಾಲು ಎಂದು ವಾದಿಸಿದರೆ, ದೇಹವೇ ಆ ವಾದಕ್ಕೆ ಸಾಕ್ಷಿ ನುಡಿಯುವುದಿಲ್ಲ ಎಂದು ಹೇಳುವಷ್ಟು ನಮಗೆಲ್ಲ ಗೊತ್ತಿರಬೇಕು. ಅಂದು ಹಾಗೆ ವಾದಿಸಿದವರು ನಾವೇ ಆಗಿದ್ದೆವು.

ನಮ್ಮ ಬದುಕನ್ನೇ ನೋಡಿಕೊಂಡರೆ, ಹನ್ನೊಂದನೆಯ ವಯಸ್ಸಿನಲ್ಲಿ ಮಠಕ್ಕೆ ಬಂದು ಕಾವಿ ಧರಿಸಿದಾಗ ನಮ್ಮ ಗ್ರಂಥದ ಎಷ್ಟೋ ಗರಿಗಳು ಕಟ್ಟಿಕೊಂಡವು. ಒಕ್ಕಲಿಗನಾಗುವ ಗರಿ, ಗೃಹಸ್ಥನಾಗುವ ಗರಿ ತೆರೆಯಲೇ ಇಲ್ಲ. ಅದಕ್ಕೆ ವಿಷಾದವಿಲ್ಲ, ಏನನ್ನೂ ಬಿಡದೆ ಒಂದನ್ನು ಪೂರ್ಣವಾಗಿ ಹಿಡಿಯಲಾಗದು ಎಂಬುದನ್ನು ಕೆಂಪು ರಕ್ತಕಣವೂ ಹೇಳುತ್ತದೆ. ಆದರೆ ನಾವು ಈ ಪೀಠದಲ್ಲಿರುವುದು ನಮ್ಮ ಬೀಜದ ಹಿರಿಮೆಯಿಂದಲ್ಲ, ಗುರುಗಳು ಕೊಟ್ಟ ನೆರೆಯಿಂದ ಎಂಬುದನ್ನು ಮರೆತ ದಿನ ಶ್ರಾವಣದ ಆ ತಪ್ಪು ನಮ್ಮಿಂದ ಮತ್ತೆ ನಡೆಯುತ್ತದೆ.

ಪ್ರತಿ ಜೂನ್ ತಿಂಗಳಲ್ಲಿ ಪ್ರಸಾದನಿಲಯದ ಪ್ರವೇಶಕ್ಕೆ ಮಕ್ಕಳನ್ನು ಕರೆತರುವ ತಂದೆತಾಯಿಗಳಲ್ಲಿ ಹಲವರು ಒಂದು ಮಾತು ಹೇಳುತ್ತಾರೆ: “ಇವಗ ಗಣಿತ ತಲಿಗೆ ಹತ್ತೂದಿಲ್ರಿ ಅಜ್ಜಾರ. ನಮ್ಮ ಮನೆತನದಾಗ ಯಾರಿಗೂ ಹತ್ತಿಲ್ಲ.” ಪಕ್ಕದಲ್ಲಿ ನಿಂತ ಮಗು ಅದನ್ನು ಕೇಳಿಸಿಕೊಳ್ಳುತ್ತಿರುತ್ತದೆ. ಮೊದಲೆಲ್ಲ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಈಗ ಆ ತಂದೆತಾಯಿಗಳನ್ನು ಕೂರಿಸಿಕೊಂಡು ಗಜ್ಜರಿಯ ಕಥೆಯನ್ನೂ ಕರುಳಿನ ಕೋಶದ ಕಥೆಯನ್ನೂ ಹೇಳುತ್ತೇವೆ. ಮಗುವಿನ ಮುಂದೆ ಆಡುವ ಪ್ರತಿ ಮಾತೂ ನೆರೆಯ ಸಂದೇಶವೇ. ಯಾವ ಮಾತು ಯಾವ ಗರಿಯನ್ನು ಕಟ್ಟಿಬಿಡುತ್ತದೆಯೋ ಆಡುವವರಿಗೆ ತಿಳಿಯದು.

ಶ್ರೀಮಠದಲ್ಲಿ ಓದಿ ಹೊರಹೋದ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಇಂದು ಉಪಾಧ್ಯಾಯರು, ಅಧಿಕಾರಿಗಳು, ಮನೆಯ ಯಜಮಾನರು. ನಿಮ್ಮ ಪಕ್ಕದಲ್ಲಿ ಬೆಳೆಯುತ್ತಿರುವ ಎಳೆಯರಿಗೆ ನೀವೇ ನೆರೆ. ಆ ಮಕ್ಕಳಲ್ಲಿ ಪೂರ್ಣವಾಗುವ ಶಕ್ತಿ ಇದೆಯೇ ಎಂದು ಪರೀಕ್ಷಿಸುವ ಮೊದಲು, ಅರ್ಧಕ್ಕೆ ನಿಲ್ಲಿಸುವ ನೆರೆ ನಾವಾಗಿದ್ದೇವೆಯೇ ಎಂದು ನಮ್ಮನ್ನು ನಾವು ಕೇಳಿಕೊಳ್ಳೋಣ.

ಅಂದಿನ ಆ ಹುಡುಗ ಇಂದು ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಾನೆ. ಜಾತ್ರೆಗೆ ತಪ್ಪದೆ ಬರುತ್ತಾನೆ. ಕಳೆದ ಸಲ ಬಂದಾಗ, ಅವನ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇವೆಂದು ತಿಳಿಸಿದೆವು. “ಯಾವ ಪ್ರಶ್ನೆರಿ ಅಜ್ಜಾರ?” ಎಂದ. ಅವನಿಗೆ ಅದು ಮರೆತುಹೋಗಿತ್ತು. ನಮಗೆ ಮರೆಯುವಂತಿಲ್ಲ.

ಸರ್ವರಿಗೂ ಸನ್ಮಂಗಳವಾಗಲಿ.